ಮುದ್ದಯ್ಯನ ಎರಡು ಮಂಡಿ

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವ ಮುದ್ದಯ್ಯ ಲಾರಿಗೆ ಒರಗಿಸಿದ ಹಲಗೆ ಹತ್ತಿದರೆ ಲಾರಿಯೇ ಹೆದರಿ ಒಂದಡಿ ಕುಸಿಯುತ್ತಿತ್ತು. ಹೋದ ವರ್ಷ ಆ ಹಲಗೆ ಜಾರಿ ಮುದ್ದಯ್ಯ ಕೆಳಗೆ ಬಿದ್ದ. ತೊಡೆಮೂಳೆ ಮಂಡಿಯ ಕೀಲಿನವರೆಗೂ ಸೀಳಿಹೋಯಿತು. ಆ ಸದ್ದಿಗೆ ಬಂಡೀಪುರದ ಆನೆಗಳು ಮೇಯುವುದನ್ನು ನಿಲ್ಲಿಸಿದವು.

ಆಪರೇಷನ್ ಮಾಡಿಸಿಕೊಂಡು ಬೇಗ ಮಂಡಿ ಮಡಚಲು ಶುರುಮಾಡಬೇಕು, ಇಲ್ಲದಿದ್ದರೆ ಸೆಟೆದುಕೊಳ್ಳುತ್ತದೆ ಎಂದರು ಚಾಮರಾಜನಗರದ ಡಾಕ್ಟರು. ಮುದ್ದಯ್ಯ ಕತ್ತರಿಗೆ ಹೆದರಿ, ಹರವೆ ಕಡೆಯ ನಾಟಿ ವೈದ್ಯನಿಂದ ಬಿದಿರುದಬ್ಬೆಯ ಕಟ್ಟು ಹಾಕಿಸಿಕೊಂಡ.

"ಮೂರು ತಿಂಗ್ಳು ಅಲ್ಲಾಡ್ಸಬ್ಯಾಡ," ಎಂದ ವೈದ್ಯ.

ಮುದ್ದಯ್ಯ ಮಾತಿಗೆ ನಿಲ್ಲುವ ಮನುಷ್ಯ. ಮನೆಯ ಕಂಬವೇ ನಾಚುವಂತೆ, ಮೂರಕ್ಕೆ ಇನ್ನೊಂದು ಸೇರಿಸಿ ನಾಲ್ಕು ತಿಂಗಳು ಕಾಲು ಚಾಚಿ ಮಲಗಿದ. ಕಟ್ಟು ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು.

ಮೊನ್ನೆ ಈರುಳ್ಳಿ ಮಂಡಿಗೆ ಕುಂಟುತ್ತ ಬಂದು, ಮೂಟೆ ಹೇರಿಸಿಕೊಳ್ಳಲು ಬೆನ್ನು ಕೊಟ್ಟು ನಿಂತ. ಮೂಟೆ ಬೆನ್ನಿಗೇರಬೇಕಾದರೆ ಹೊರುವವನು ಮಂಡಿ ಬಗ್ಗಿಸಲೇಬೇಕು.

"ಒಸಿ ಬಗ್ಲಾ, ಮೂಟೆನ ಆಕಾಸ್ದಿಂದ ಇಳಿಸ್ಬೇಕಾ?" ಎಂದ ಜೊತೆಗಾರ ದೊರೆಸ್ವಾಮಿ. ಎಲ್ಲರೂ ನಕ್ಕರು.

ಮುದ್ದಯ್ಯ ಹಲ್ಲುಕಚ್ಚಿ ಹೆಣಗಿದ. ಬೆವರು ಕೆರೆ ತುಂಬುವಷ್ಟು ಸುರಿಯಿತು. ಕಾಲು ಮಾತ್ರ ಒನಕೆಯಂತೆ ನೆಟ್ಟಗೇ ಇತ್ತು. ನಗು ಅಡಗಿತು.

ಇಪ್ಪತ್ತು ವರ್ಷ ಮೂಟೆ ಎಳೆದ ಕಬ್ಬಿಣದ ಕೊಕ್ಕೆಯನ್ನು ಮುದ್ದಯ್ಯ ದೊರೆಸ್ವಾಮಿಯ ಕೈಗಿಟ್ಟ.

"ಒಸಿ ಕುಂತ್ಕೊಂಡು ಓಗ್ಲಾ," ಎಂದ ದೊರೆಸ್ವಾಮಿ, ತಲೆ ತಗ್ಗಿಸಿ.

"ಕುಂತ್ಕೊಳ್ಳಕೂ ಮಂಡಿ ಬೇಕು ಕಣ್ಲಾ," ಎಂದ ಮುದ್ದಯ್ಯ.