ಚಿಪ್ಪಿನೊಳಗೆ ಕೇಳಿದ ನಗು

ಒಳಕಿವಿಯ ಕಾಯಿಲೆಯಿಂದ ಸಮತೋಲ ತಪ್ಪತೊಡಗಿದ ಮೇಲೆ ನಾನು ಬೈಕು ಬಿಟ್ಟೆ. ಶಿರ್ತಾಡಿಯ ಮನೆಯಿಂದ ಮೂಡಬಿದಿರೆಗೆ, ನಾನು ಪಾಠ ಮಾಡುವ ಶಾಲೆಗೆ, ಬಸ್ಸಿನಲ್ಲಿ ಜೋತಾಡಿಕೊಂಡು ಹೋದರೂ ತಲೆ ತಿರುಗುತ್ತಿತ್ತು. ಆಗ ಫೋನಿನಲ್ಲಿ ಕಂಡದ್ದು ವೆಲೊಮೊಬೈಲ್: ಮೂರು ಚಕ್ರ, ಒರಗಿ ಕುಳಿತು ತುಳಿಯುವ ಪೆಡಲು, ಮೈಸುತ್ತ ದೋಣಿಯಂಥ ಚಿಪ್ಪು. ಅಂಥದ್ದೊಂದನ್ನು ಕಟ್ಟಲೇಬೇಕು ಅನ್ನಿಸಿತು.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕಲಿತವನೊಬ್ಬ ಬೆಳುವಾಯಿಯಲ್ಲಿ ಫೈಬರ್ ಕೆಲಸದ ಶೆಡ್ ಇಟ್ಟಿದ್ದ. ಹಳೆಯ ಸೈಕಲುಗಳನ್ನು ಕಡಿದು ಚೌಕಟ್ಟು ಮಾಡಿಸಿದ್ದು ನಾನು, ಚಿಪ್ಪು ಅವನದು. ಬೇಸಗೆ ರಜೆಯಿಡೀ ಫೈಬರಿಗೆ ಹಚ್ಚುವ ರೆಸಿನ್ ಅಂಟಿನ ವಾಸನೆಗೆ ಕೆಮ್ಮುತ್ತಾ ದುಡಿದೆವು. ಮೊದಲ ಸಲ ಓಡಿಸಿದಾಗ ಒಳಗೆ ಬೆಂದೇಹೋದೆ. ಅವನು ಚಿಪ್ಪಿನ ಮೂತಿಯಲ್ಲಿ ಗಾಳಿಗೆಂದು ಕಿಂಡಿ ಕೊರೆದು ಸೊಳ್ಳೆ ಬಲೆ ಅಂಟಿಸಿದ. ಏರು ಹತ್ತಲು ಸಣ್ಣ ಗಿಯರು, ಲಾರಿಯವರಿಗೆ ಕಾಣಲೆಂದು ಕೋಲಿನ ತುದಿಗೆ ಕೆಂಪು ಬಾವುಟ, ರಿಕ್ಷಾದ ಹಾರ್ನು, ಎಲ್ಲವನ್ನೂ ಇಬ್ಬರೂ ಜಗಳಾಡಿಯೇ ಜೋಡಿಸಿದ್ದು.

"ಇದೆಂತ ಮಾರಾಯ್ರೆ, ಹೆಣ ಸಾಗಿಸುವುದಾ?" ಎಂದು ಜನ ಕೇಳುತ್ತಿದ್ದರು. ನಾನು ಹಾರ್ನು ಒತ್ತಿ ಮುಂದೆ ಹೋಗುತ್ತಿದ್ದೆ.

ಮಡಂತ್ಯಾರಿನಲ್ಲಿ ಅವನ ಅಕ್ಕನ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಅವನು ನೆಂಟರ ಜೀಪಿನಲ್ಲಿ ಹೊರಟ. ನಾನು ಹಟಕ್ಕೆ ಬಿದ್ದು ಗಾಡಿಯಲ್ಲೇ ಹೊರಟೆ. ವೇಣೂರು ದಾಟಿದ ಮೇಲೆ, ತಿರುವಿನಲ್ಲಿ ಬಸ್ಸೊಂದು ಒತ್ತಿಕೊಂಡು ಬಂತು. ಚಕ್ರ ಚರಂಡಿಗೆ ಇಳಿದು ಗಾಡಿ ಮಗುಚಿತು. ಮಗುಚಿದ ಆಮೆಯ ಹಾಗೆ ಒಳಗೆ ಸಿಕ್ಕಿಕೊಂಡೆ. ಹಿಂದೆಯೇ ಬರುತ್ತಿದ್ದ ಅವನ ನೆಂಟರ ಜೀಪು ನಿಂತಿತು. ನಾನು ಕೂಗಿದೆ. ಉತ್ತರವಾಗಿ ಕೇಳಿದ್ದು ನಗು, ಅದರಲ್ಲಿ ಅವನ ನಗುವೂ ಇತ್ತು. ನಲವತ್ತು ವರ್ಷದ ಪರಿಚಯ, ತಪ್ಪುವ ಮಾತೇ ಇಲ್ಲ.

ಜೀಪು ಹೊರಟುಹೋಯಿತು. ನನ್ನನ್ನು ಎತ್ತಿದ್ದು ಸ್ಕೂಟರಿನಲ್ಲಿ ಮೀನು ಮಾರಿಕೊಂಡು ಬಂದವರೊಬ್ಬರು. "ಕೈಕಾಲು ಸರಿ ಉಂಟಲ್ಲ?" ಎಂದು ಮೂರು ಸಲ ಕೇಳಿದರು.

ಸಂಜೆಯೊಳಗೆ ನಾನು ಮಗುಚಿಬಿದ್ದ ವೀಡಿಯೊ ನಮ್ಮ ಶಾಲೆಯ ಶಿಕ್ಷಕರ ವಾಟ್ಸಾಪ್ ಗುಂಪಿಗೂ ಬಂತು. ಜೀಪಿನೊಳಗಿಂದಲೇ ತೆಗೆದದ್ದು. ಯಾರೋ ಕೇಳುತ್ತಾರೆ, "ಈ ಗಾಡಿ ನೀವೇ ಮಾಡಿದ್ದಲ್ವಾ?" ಅವನ ಸ್ವರ: "ನಾನಾ? ಇಲ್ಲಪ್ಪ. ಅವನಿಗೆ ತಲೆ ಸ್ವಲ್ಪ ಸರಿ ಇಲ್ಲ."

ಮೂರನೆಯ ದಿನ ಅವನು ರೆಸಿನ್ ಡಬ್ಬಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ.

"ಜೀಪಿನಲ್ಲಿ ಭಾವನ ಕಡೆಯವರೆಲ್ಲ ಇದ್ರು, ನಾಚಿಕೆ ಆಯ್ತು ಮಾರಾಯ. ಒಡೆದ ಚಿಪ್ಪನ್ನು ನಾನೇ ಸರಿ ಮಾಡಿ ಕೊಡ್ತೇನೆ."

"ಬೇಡ. ನೀನು ಮಾಡಿದ್ದೇ ಅಲ್ಲವಲ್ಲ," ಎಂದೆ.

ಅವನ ಮುಖ ಕೆಂಪಾಯಿತು. "ಗಾಡಿಯ ಬಾಲದ ಹತ್ತಿರ ನನ್ನ ಶೆಡ್ಡಿನ ಹೆಸರು ಸಣ್ಣದಾಗಿ ಬರೀತೇನೆ ಅಂದಾಗ ನೀನು ಎಂತ ಹೇಳಿದ್ದು? ಇದು ಜಾಹೀರಾತಿನ ಬೋರ್ಡು ಅಲ್ಲ ಅಂತ. ನೆನಪುಂಟಾ?"

ನೆನಪಿತ್ತು. ಆದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಡಬ್ಬಿಯನ್ನು ಅವನು ವಾಪಸು ಒಯ್ದ.

ಚಿಪ್ಪಿಗೆ ನಾನೇ ತೇಪೆ ಹಾಕಿದೆ. ಅದು ಒರಟಾಗಿ ಉಬ್ಬಿಕೊಂಡಿದೆ, ಮಳೆ ಬಂದರೆ ಸೋರುತ್ತದೆ. ಈಚೆಗೆ ಬಂಟ್ವಾಳದಿಂದ ಒಬ್ಬರು ಗಾಡಿ ನೋಡಲು ಬಂದಿದ್ದರು, ಅವರ ಮಗಳಿಗೂ ನನ್ನದೇ ಕಾಯಿಲೆಯಂತೆ. ಚಿಪ್ಪಿನ ನಯವಾದ ಬದಿಯನ್ನು ಸವರುತ್ತಾ, "ಒಳ್ಳೆ ಕೆಲಸ. ಯಾರು ಮಾಡಿದ್ದು?" ಎಂದು ಕೇಳಿದರು.

"ಎಲ್ಲ ನಾನೇ," ಎಂದೆ.

ಅವರು ನಂಬಿಕೊಂಡು ಹೋದರು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ಅವನಿಗೆ ಫೋನು ಮಾಡಲಿಲ್ಲ.