ಐಸಾಕನ ಸೋಮವಾರದ ಪೈ

ನಮ್ಮ ಹಾಲ್‌ಬೆಕ್ ಕಣಿವೆಯ ತುತ್ತತುದಿಯ ಮನೆಯಲ್ಲಿ ಐಸಾಕ್ ಫಿಯರನ್ ಇದ್ದ. ಅವನು ಒಂದು ಇಡೀ ಚಳಿಗಾಲದಲ್ಲಿ ಆಡಿದ ಮಾತುಗಳನ್ನು ಗುಡ್ಡೆ ಹಾಕಿದರೂ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ. ಅದರಲ್ಲೂ ಅರ್ಧ ಅವನ ನಾಯಿ ಮಾಸ್‌ಗೆ ಹೇಳಿದ್ದು. ಇನ್ನೂರು ಕುರಿ, ಒಂದು ನಾಯಿ, ಒಬ್ಬ ತಂಗಿ, ಇಷ್ಟೇ ಅವನ ಸಂಸಾರ. ತಂಗಿಯ ಹೆಸರು ಹೆಸ್ಟರ್. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಇಬ್ಬರೂ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಮೂವತ್ತು ವರ್ಷ ಅವಳು ಒಲೆ ನೋಡಿಕೊಂಡಳು, ಅವನು ಗುಡ್ಡ ನೋಡಿಕೊಂಡ.

ನಾನು ಕಲ್ಲುಗೋಡೆ ಕಟ್ಟುವವನು. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸುತ್ತ ಗುಡ್ಡದ ನೆತ್ತಿಯವರೆಗೆ ಹೋಗುವುದು. ಐಸಾಕನ ಜಮೀನಿನ ಗೋಡೆಯನ್ನು ನಾನು ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದರೆ, ಸಮುದ್ರದ ಕಡೆಯಿಂದ ಬಂದ ಗಾಳಿ ಎಲ್ಲೂ ಸಂದು ಸಿಗದೆ ಮೂರು ದಿನ ಅದರ ಬುಡದಲ್ಲಿ ಕೂತಿದ್ದು, ಸೋತು ಸ್ಕಾಟ್ಲೆಂಡಿಗೆ ಹೋಯಿತು. ನಾನೇ ನೋಡಿದ್ದೇನೆ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ಎಲಿನರ್, "ಆಯ್ತು ಆಂಬ್ರೋಸ್, ಊಟ ಮಾಡು" ಅನ್ನುತ್ತಾಳೆ.

ಪ್ರತಿ ಶುಕ್ರವಾರ ಮೇರಿಪೋರ್ಟ್ ಬಂದರಿನಿಂದ ಮೀನಿನ ವ್ಯಾನು ನಮ್ಮ ಕಣಿವೆಗೆ ಬರುತ್ತಿತ್ತು. ಓಡಿಸುವವನು ಕತ್ಬರ್ಟ್ ಎಂಬ ವಿಧುರ. ಕೆಂಪು ಮೂಗು, ಒಳ್ಳೆಯ ಮನಸ್ಸು. ಹೆಸ್ಟರ್‌ಗೆ ಮೀನಿನ ವಾಸನೆ ಆಗುತ್ತಿರಲಿಲ್ಲ. ಐಸಾಕನಿಗೆ ಮುಳ್ಳೆಂದರೆ ಹೆದರಿಕೆ. ಆದರೂ ಆ ಮನೆಯಲ್ಲಿ ಒಂಬತ್ತು ವರ್ಷ ಶುಕ್ರವಾರ ತಪ್ಪದೆ ಮೀನು ಬೆಂದಿತು. ಯಾಕೆಂದು ಇಡೀ ಕಣಿವೆಗೆ ಗೊತ್ತಿತ್ತು, ಅವರ ಬೆಕ್ಕಿಗೂ ಗೊತ್ತಿತ್ತು. ಐಸಾಕ್ ಒಬ್ಬ ಮಾತ್ರ ಮುಳ್ಳು ಬಿಡಿಸುತ್ತ ಕೂತಿದ್ದ.

ಒಂದು ಶುಕ್ರವಾರ ಹೆಸ್ಟರ್ ತಟ್ಟೆಯನ್ನು ಅವನ ಮುಂದಿಟ್ಟು, "ನಾನು ಕತ್ಬರ್ಟ್‌ನ ಮದುವೆ ಆಗ್ತಿದ್ದೀನಿ" ಅಂದಳಂತೆ.

"ಯಾವ ಕತ್ಬರ್ಟು?" ಅಂದನಂತೆ ಐಸಾಕ್.

ಅವಳಿಗೆ ಆಗ ಐವತ್ತೆಂಟು. ಅಕ್ಟೋಬರಿನ ಒಂದು ಶನಿವಾರ ಮೇರಿಪೋರ್ಟಿನ ಚರ್ಚಿನಲ್ಲಿ ಮದುವೆ. ನಾವೆಲ್ಲ ಬಸ್ಸು ಹಿಡಿದು ಹೋದೆವು. ಐಸಾಕ್ ಬರಲಿಲ್ಲ. ಅವತ್ತು ಕುರಿಗಳಿಗೆ ಔಷಧಿ ನೀರಿನ ಸ್ನಾನ ಮಾಡಿಸಬೇಕು ಎಂದು ಹೇಳಿ ಕಳಿಸಿದ. ಆ ಸ್ನಾನ ಹದಿನೈದು ದಿನದ ಹಿಂದೆಯೇ ಮುಗಿದಿತ್ತು. ಕುರಿಗಳ ಕುತ್ತಿಗೆ ಹಿಡಿದವನೇ ನಾನು. ಚರ್ಚಿನ ಬಾಗಿಲಲ್ಲಿ ಹೆಸ್ಟರ್ ನನ್ನನ್ನು, "ಕುರಿ ಎಲ್ಲಾ ಚೊಕ್ಕಟವಾಗಿದಾವಾ ಆಂಬ್ರೋಸ್?" ಎಂದು ಕೇಳಿದಳು. "ನಿನ್ನ ಗಂಡನಿಗಿಂತ" ಅಂದೆ. ಅವಳು ನಕ್ಕಳು, ಆದರೆ ಗೇಟಿನ ಕಡೆ ನೋಡುವುದನ್ನು ಬಿಡಲಿಲ್ಲ.

ಆಮೇಲೆ ಒಂದು ವರ್ಷಕ್ಕೂ ಮೀರಿ ಅಣ್ಣ ತಂಗಿಯ ನಡುವೆ ಮಾತಿಲ್ಲ. ಕ್ರಿಸ್‌ಮಸ್‌ಗೆ ಒಂದು ಕಾರ್ಡು ಅತ್ತಲಿಂದ, ಒಂದು ಕಾರ್ಡು ಇತ್ತಲಿಂದ, ಎರಡರಲ್ಲೂ ಬರೀ ಸಹಿ.

ಆ ವರ್ಷ ಐಸಾಕನ ಗೋಡೆ ಬೀಳತೊಡಗಿತು. ವಾರಕ್ಕೊಂದು ಸಲ ಅವನು ನಮ್ಮ ಬಾಗಿಲಿಗೆ ಬಂದು ಟೋಪಿ ತೆಗೆಯುವನು. "ಮೇಲಿನ ಹೊಲದ ಹತ್ರ ಎರಡು ಕಲ್ಲು ಬಿದ್ದಿದಾವೆ ಮಾರಾಯ. ಕುರಿ ಹಾರಿರಬೇಕು." ನಾನು ಹೋಗಿ ನೋಡಿದರೆ ಮೇಲಿನ ಸಾಲಿನ ಕಲ್ಲುಗಳು ನೀಟಾಗಿ ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ಮಲಗಿರುತ್ತಿದ್ದವು. ಯಾವ ಕುರಿಯೂ ಅಷ್ಟು ಮರ್ಯಾದೆಯಿಂದ ಕಲ್ಲು ಇಳಿಸುವುದಿಲ್ಲ. ನಾನು ಕಲ್ಲು ಕೂರಿಸುತ್ತಿದ್ದೆ, ಅವನು ಪಕ್ಕದಲ್ಲಿ ನಿಂತಿರುತ್ತಿದ್ದ. ಎರಡು ಕಲ್ಲು ಕೂರಿಸಲು ಐದು ನಿಮಿಷ ಸಾಕು. ನಾನು ಮಧ್ಯಾಹ್ನದವರೆಗೆ ಎಳೆಯುತ್ತಿದ್ದೆ. ಒಂದು ದಿನ ಕೊಟ್ಟಿಗೆಯ ಹತ್ತಿರ ಹೋದಾಗ ಒಳಗಿಂದ ಮಾತು ಕೇಳಿಸಿತು. ಯಾರೋ ನೆಂಟರು ಬಂದಿದ್ದಾರೆಂದು ಖುಷಿಯಾಗಿ ಇಣುಕಿದೆ. ಐಸಾಕ್ ಮೇವಿನ ಮೂಟೆಯ ಮೇಲೆ ಅಚ್ಚಾಗಿದ್ದುದನ್ನು ಗಟ್ಟಿಯಾಗಿ ಓದುತ್ತಿದ್ದ. ಒಣ ಜಾಗದಲ್ಲಿಡಿ, ಇಲಿಗಳಿಂದ ರಕ್ಷಿಸಿ. ನಾನು ಸದ್ದು ಮಾಡದೆ ಹಿಂದೆ ಸರಿದು, ದೂರದಿಂದ ಕೆಮ್ಮುತ್ತ ಮತ್ತೆ ಬಂದೆ.

ಜನವರಿ ಕೊನೆಯಲ್ಲಿ ಅವನು ಬಂದಾಗ ಕಲ್ಲಿನ ಮಾತೆತ್ತಲಿಲ್ಲ. ಟೋಪಿಯೊಳಗಿಂದ ಒಂದು ಕಾಗದ ತೆಗೆದು ಕೊಟ್ಟ. ಹೆಸ್ಟರ್ ಬರೆದಿದ್ದಳು. ಈಸ್ಟರ್ ಸೋಮವಾರ ಮಧ್ಯಾಹ್ನ ಬರುತ್ತೇವೆ, ಅಮ್ಮನ ಕೈಮಾ ಮೆಷಿನ್ ನನಗೆ ಬೇಕು, ನೀನು ತೊಂದರೆ ತೆಗೆದುಕೊಳ್ಳಬೇಡ, ಇಷ್ಟೇ.

"ಸೋಮವಾರ ಅಂದ್ರೆ ಪೈ ದಿನ" ಅಂದ ಐಸಾಕ್.

ನಮ್ಮ ಕಡೆ ಸೋಮವಾರ ಮಧ್ಯಾಹ್ನ ಯಾವ ಮನೆಗೆ ಹೋದರೂ ಕುರಿಗಾಹಿ ಪೈಯೇ. ಕೆಳಗೆ ಕುರಿಮಾಂಸದ ಕೈಮಾ, ಮೇಲೆ ಹಿಸುಕಿದ ಆಲೂಗೆಡ್ಡೆಯ ದಪ್ಪ ಹೊದಿಕೆ, ಓವನ್ನಿನಲ್ಲಿ ಕಂದು ಬಣ್ಣ ಬರುವವರೆಗೆ. ಹೆಸ್ಟರ್ ಮೂವತ್ತು ವರ್ಷ ಹನ್ನೆರಡು ಹೊಡೆಯುವುದಕ್ಕೆ ಸರಿಯಾಗಿ ಅದನ್ನು ಮೇಜಿಗೆ ತಂದವಳು.

"ಪೈ ಮಾಡೋರು ಯಾರು?" ಅಂದೆ.

"ಮಾಸ್ ಅಂತೂ ಮಾಡಲ್ಲ."

"ಅವಳು ಮೆಷಿನ್‌ಗೆ ಬರ್ತಿರೋದು ಕಣೋ. ಒಂದು ಕಪ್ ಟೀ ಕೊಟ್ಟು ಕಳಿಸು."

ಅವನು ಕಾಗದವನ್ನು ಮಡಿಸಿ ಟೋಪಿಯೊಳಗಿಟ್ಟುಕೊಂಡ. "ಅದೇ ಯೋಚನೆ. ಮೆಷಿನ್ ತಗೊಂಡು ಹೋದ ಮೇಲೆ ಅವಳದು ಅಂತ ಈ ಮನೇಲಿ ಇನ್ನೇನೂ ಉಳಿಯಲ್ಲ. ಮತ್ತೆ ಯಾಕೆ ಬರ್ತಾಳೆ? ಊಟ ಚೆನ್ನಾಗಿದ್ರೆ ಬರಬಹುದು, ಏನಂತೀಯ?"

ಅವನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮೊದಲ ಪೈಯನ್ನು ಅವನೊಬ್ಬನೇ ಮಾಡಿದ. ಹೆಸ್ಟರ್ ಪೈ ಮಾಡುವುದನ್ನು ಅವನು ಕಂಡಿದ್ದು ಅಂಗಳದಿಂದ, ಕಿಟಕಿಯ ಮೂಲಕ, ಅವಳು ಮೆಷಿನ್ ತಿರುಗಿಸುವಷ್ಟನ್ನು ಮಾತ್ರ. ಹಾಗಾಗಿ ಮುದಿ ಕುರಿಯ ಹಸಿ ಮಾಂಸವನ್ನು ಕೊಬ್ಬಿನ ಸಮೇತ ಮೆಷಿನ್ನಿಗೆ ಹಾಕಿ ತಿರುಗಿಸಿ, ಮೇಲೆ ಆಲೂಗೆಡ್ಡೆ ಹೊದಿಸಿ ಓವನ್ನಿಗೆ ತಳ್ಳಿದ. ನಾನು ಹೋಗುವ ಹೊತ್ತಿಗೆ ಕೊಬ್ಬು ಕರಗಿ ತಟ್ಟೆಯ ಅಂಚಿನವರೆಗೆ ಏರಿತ್ತು. ನಮ್ಮ ಕಣ್ಣೆದುರೇ ಆಲೂಗೆಡ್ಡೆ ಮೆಲ್ಲಗೆ ಮುಳುಗಿತು. ಜೌಗಿನಲ್ಲಿ ಸಿಕ್ಕಿದ ಕುರಿಯೂ ಒಮ್ಮೆ ತಲೆ ಎತ್ತಿ ನೋಡುತ್ತದೆ, ಅದು ನೋಡಲಿಲ್ಲ. ಮಾಸ್ ಒಮ್ಮೆ ಮೂಸಿ, ಹೊರಗೆ ಹೋಗಿ ಎರಡು ದಿನ ಮಳೆಯಲ್ಲಿ ಮಲಗಿತು.

ಎರಡನೆಯ ಸಲ ಕೊಬ್ಬನ್ನೆಲ್ಲ ಕೆತ್ತಿ ಹಾಕಿ, ಭಯಕ್ಕೆ ಮೂರು ತಾಸು ಬೇಯಿಸಿದ. ಆ ಪೈಯನ್ನು ನಾನು ಮೇಲಿನ ಹೊಲದ ಗೋಡೆಯಲ್ಲಿ ಗೇಟಿನಿಂದ ಮೂರನೆಯ ಕಲ್ಲಾಗಿ ಕೂರಿಸಿದೆ. ಆಮೇಲಿನ ಹಿಮಕ್ಕೆ ಅಕ್ಕಪಕ್ಕದ ಕಲ್ಲು ಸೀಳಿದವು, ಅದಕ್ಕೆ ಒಂದು ಬಿರುಕಿಲ್ಲ.

ಮೂರನೆಯದಕ್ಕೆ ಮೊದಲು ಎಲಿನರ್‌ಳನ್ನು ಕರೆದುಕೊಂಡು ಹೋದೆ. ಅವಳು ಕೈಮಾ ಮೆಷಿನ್ನಿನೊಳಗೆ ಬೆರಳಿಟ್ಟು ಮೂಸಿ ನೋಡಿ, ಐಸಾಕನ ಕಡೆ ತಿರುಗಿದಳು.

"ಹಸಿ ಮಾಂಸ ಹಾಕ್ದೆಯಾ?"

"ಇನ್ನೇನು ಹಾಕ್ತಾರೆ?"

"ಅಯ್ಯೋ ದೇವರೆ, ಮೂವತ್ತು ವರ್ಷ ತಿಂದೆಯಲ್ಲೋ. ನಿನ್ನೆ ಏನು ತಿಂದೆ ಅಂತ ಒಂದು ಸೋಮವಾರನಾದ್ರೂ ನೆನಪಿಗೆ ಬರ್ಲಿಲ್ವಾ? ಭಾನುವಾರ ಒಂದು ಇಡೀ ಕುರಿ ತೊಡೆ ಸುಡ್ತಾರೆ. ಎಲ್ಲರೂ ಕೂತು ತಿಂತಾರೆ. ಉಳಿದಿರೋ ತಣ್ಣನೆ ಮಾಂಸ ಸೋಮವಾರ ಮೆಷಿನ್‌ಗೆ. ಸೋಮವಾರ ಬಟ್ಟೆ ಒಗೆಯೋ ದಿನ, ಹೊಸದಾಗಿ ಅಡುಗೆ ಮಾಡೋಕೆ ಯಾರಿಗೆ ಪುರುಸೊತ್ತು?"

ಐಸಾಕ್ ಮೇಜನ್ನೊಮ್ಮೆ ನೋಡಿದ. "ಒಬ್ಬನಿಗೆ ಒಂದು ತೊಡೆಯಾ?" ಅಂದ.

ನಿಜವಾದ ತೊಡಕೇ ಅದು. ಕುರಿಯ ತೊಡೆ ಒಬ್ಬ ಮನುಷ್ಯನಿಗೆಂದು ಮಾಡಿದ್ದಲ್ಲ. ಅವನೊಬ್ಬನೇ ಒಂದು ಇಡೀ ತೊಡೆ ಬೇಯಿಸಿದ ವಾರ, ಸೋಮವಾರದಿಂದ ಶನಿವಾರದವರೆಗೆ ಪೈ ತಿಂದು, ಭಾನುವಾರ ಚರ್ಚಿನಲ್ಲಿ ಹಾಡಲು ನಿಂತಾಗ ಬಾಯಿಂದ ಮ್ಯಾ ಅಂತ ಬಂತು. ಹಾಗೆಂದು ನಾನು ಹೇಳುತ್ತೇನೆ, ಪಾದ್ರಿ ಒಪ್ಪುವುದಿಲ್ಲ. ಆಮೇಲೆ ಪ್ರತಿ ಭಾನುವಾರ ನಾನೂ ಎಲಿನರ್‌ಳೂ ಗುಡ್ಡ ಹತ್ತಿ ಅವನ ಮನೆಗೆ ಊಟಕ್ಕೆ ಹೋದೆವು. ಎಲಿನರ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ಈರುಳ್ಳಿ ಕಂದಾಗುವವರೆಗೆ ಬಾಡಿಸುವುದು, ಸುಟ್ಟ ತೊಡೆಯಿಂದ ಇಳಿದ ರಸವನ್ನು ಚೆಲ್ಲದೆ ಎತ್ತಿಟ್ಟು ಮರುದಿನ ಕೈಮಾಕ್ಕೆ ಹಾಕುವುದು, ಆಲೂಗೆಡ್ಡೆ ಬಿಸಿ ಇರುವಾಗಲೇ ಬೆಣ್ಣೆ ಹಾಕಿ ಹಿಸುಕುವುದು. ಮೇಲೆ ಫೋರ್ಕಿನಿಂದ ಗೆರೆ ಎಳೆಯುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಉತ್ತ ಹೊಲದ ಸಾಲಿನ ಹಾಗೆ ಎಳೆದ. ಮಾರ್ಚ್ ಮುಗಿಯುವಷ್ಟರಲ್ಲಿ ಅವನ ಪೈ ನನ್ನ ಹೆಂಡತಿಯ ಪೈಯನ್ನು ಮೀರಿಸಿತ್ತು. ಇದನ್ನು ನಾನು ಮನೆಯಲ್ಲಿ ಹೇಳಿಲ್ಲ.

ಈಸ್ಟರ್ ಸೋಮವಾರ ನನಗೂ ಬುಲಾವು ಬಂತು. "ಮಾತಾಡೋಕೆ ಯಾರಾದ್ರೂ ಬೇಕಲ್ಲ" ಅಂದ ಐಸಾಕ್. ಅವನು ಗಡ್ಡ ಬೋಳಿಸಿಕೊಂಡು ಮದುವೆಗೆ ಹಾಕದೇ ಉಳಿದ ಕೋಟು ಹಾಕಿಕೊಂಡಿದ್ದ. ಹೆಸ್ಟರ್ ಕೂರುತ್ತಿದ್ದ ಕುರ್ಚಿಯನ್ನು ಒರೆಸಿ ಒಲೆಯ ಪಕ್ಕಕ್ಕೆ ಎಳೆದಿಟ್ಟಿದ್ದ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ವ್ಯಾನು ಅಂಗಳಕ್ಕೆ ಬಂತು. ಹೆಸ್ಟರ್ ಇಳಿದಳು, ಸ್ವಲ್ಪ ತುಂಬಿಕೊಂಡಿದ್ದಳು. ಅಣ್ಣ ತಂಗಿ ಬಾಗಿಲಲ್ಲಿ ಕೈ ಕುಲುಕಿದರು. ಮೂವತ್ತು ವರ್ಷ ಒಂದೇ ಟೀಪಾಟಿನಿಂದ ಕುಡಿದವರು.

ಹೆಸ್ಟರ್ ಒಳಗೆ ಬಂದು, ತನ್ನ ಕುರ್ಚಿಯನ್ನು ನೋಡಿ, ಕಿಟಕಿಯ ಬದಿ ಪಾದ್ರಿ ಬಂದಾಗ ಕೂರಿಸುವ ಕುರ್ಚಿಯಲ್ಲಿ ಕೂತಳು. ಕೋಟು ತೆಗೆಯಲಿಲ್ಲ. ಕತ್ಬರ್ಟ್ ಒಲೆಯ ಪಕ್ಕದ ಕುರ್ಚಿಯಲ್ಲಿ ಹಾಯಾಗಿ ಕೂತ.

ಐಸಾಕ್ ಓವನ್ ತೆಗೆದು ಪೈ ತಂದಿಟ್ಟ. ಹೊಂಬಣ್ಣದ ಸಾಲುಗಳು, ಅಂಚಿನಲ್ಲಿ ಸಣ್ಣಗೆ ಕುದಿಯುತ್ತಿದ್ದ ರಸ. ಹೆಸ್ಟರ್ ಅದನ್ನು ನೋಡಿದಳು, ಅಣ್ಣನನ್ನು ನೋಡಿದಳು.

"ಯಾರು ಮಾಡಿಕೊಟ್ರು?"

"ನಾನೇ."

ಒಂದು ಚಮಚ ತಿಂದಳು, ಇನ್ನೊಂದು ತಿಂದಳು. ಐಸಾಕ್ ತಟ್ಟೆ ಮುಟ್ಟದೆ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವಳು ಪೂರ್ತಿ ಮುಗಿಸಿ, ಫೋರ್ಕನ್ನು ಮೆಲ್ಲಗೆ ಇಟ್ಟಳು.

"ನನ್ನದಕ್ಕಿಂತ ಚೆನ್ನಾಗಿದೆ ಐಸಾಕ್. ನಾನೊಬ್ಬಳು ಹುಚ್ಚಿ. ಅವನೇನು ತಿಂತಾನೋ, ಹೇಗಿದಾನೋ ಅಂತ ರಾತ್ರಿ ಎಲ್ಲಾ ಹೊರಳಾಡ್ತಿದ್ದೆ. ಕತ್ಬರ್ಟ್ ಹತ್ರ ಹೇಳಿದ್ದೆ, ಅವನಿಗೆ ಆಗ್ತಿಲ್ಲ ಅಂದ್ರೆ ಪ್ರತಿ ಸೋಮವಾರ ಬಂದು ಅಡುಗೆ ಮಾಡಿಟ್ಟು ಹೋಗ್ತೀನಿ, ನನ್ನ ಕರ್ಕೊಂಡು ಬರಬೇಕು ಅಂತ."

"ನಾನೂ ಒಪ್ಪಿದ್ದೆ" ಅಂದ ಕತ್ಬರ್ಟ್ ಬಾಯಿ ತುಂಬ ಪೈ ಇಟ್ಟುಕೊಂಡು.

"ಇನ್ನು ಆ ಚಿಂತೆ ಇಲ್ಲ" ಅಂದಳು ಹೆಸ್ಟರ್. ಕೈಚೀಲ ಹುಡುಕುತ್ತ ಆಚೆ ಬಾಗಿದಳು. ಅವಳ ಮುಖ ನನಗೆ ಕಂಡಿತು. ಅದು ಚಿಂತೆ ಕಳೆದುಕೊಂಡವಳ ಮುಖ ಆಗಿರಲಿಲ್ಲ.

ನಾನು ಐಸಾಕನನ್ನು ನೋಡಿದೆ. ಅವನು ಉಪ್ಪಿನ ಡಬ್ಬಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. ಮಾತಾಡಲೆಂದು ಕರೆಸಿಕೊಂಡವನು ನಾನು, ಹಾಗಾಗಿ ಮಾತಾಡಿದೆ.

"ಹೆಸ್ಟರ್, ಇಲ್ಲಿ ಕೇಳು. ಇದು ಅವನ ಹನ್ನೊಂದನೇ ಪೈ. ನೀನು ಬರ್ತೀಯ ಅಂತ ಜನವರಿಯಿಂದ ಅಭ್ಯಾಸ ಮಾಡಿದಾನೆ. ನೀನು ಹೋದ ಮೇಲೆ ಇವನು ತಾನೇ ಗೋಡೆ ಕಲ್ಲು ಕಿತ್ತು ನನ್ನ ಕರೆಸ್ಕೊಳ್ತಾನೆ. ಮೇವಿನ ಮೂಟೆ ಮೇಲಿರೋದನ್ನ ಗಟ್ಟಿಯಾಗಿ ಓದ್ತಾನೆ, ಮನೇಲಿ ಒಂದು ದನಿ ಇರಲಿ ಅಂತ."

ಹೆಸ್ಟರ್ ಕೈಚೀಲ ಬಿಟ್ಟು ನನ್ನನ್ನೇ ನೋಡಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಎಪ್ಪತ್ತು ವರ್ಷದ ನಾಲಿಗೆ ನಿಲ್ಲಲಿಲ್ಲ.

"ಎರಡನೇ ಪೈ ಎಷ್ಟು ಗಟ್ಟಿ ಆಗಿತ್ತು ಅಂದ್ರೆ ನಾನು ಗೋಡೆಗೆ ಹಾಕಿದೀನಿ. ಗೇಟಿಂದ ಮೂರನೇ ಕಲ್ಲು, ಬೇಕಾದ್ರೆ ನೋಡು."

ಕತ್ಬರ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಸ್ಟರ್ ಕೂಡ ನಗುತ್ತ ಕಣ್ಣೊರೆಸಿಕೊಂಡಳು. "ಒಂದು ಗಳಿಗೆ ನಂಬಿಬಿಟ್ಟಿದ್ದೆ ಕಣೋ, ಸುಳ್ಳುಬುರುಕ."

"ಮೂಟೆ ಮಾತು ನಿಜ" ಅಂದೆ.

ಅವಳು ನಗು ನಿಲ್ಲಿಸಿ ಅಣ್ಣನ ಕಡೆ ತಿರುಗಿದಳು. "ಹೌದಾ ಐಸಾಕ್?"

ಅವನ ಮುಂದೆ ಬಾಗಿಲು ತೆರೆದೇ ಇತ್ತು. ಒಂದು ಹೂಂ ಸಾಕಿತ್ತು.

"ಆಂಬ್ರೋಸ್ ಮಾತು ನಿನಗೆ ಗೊತ್ತಿಲ್ವಾ" ಅಂದ ಐಸಾಕ್. "ನನಗೇನು ಕಷ್ಟ ಇಲ್ಲ."

ಅವನೇ ಎದ್ದು ಮೇಜಿನಂಚಿನಿಂದ ಕೈಮಾ ಮೆಷಿನ್ನಿನ ತಿರುಪು ಬಿಚ್ಚಿದ, ತೊಳೆದು ಒರೆಸಿ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ, ವ್ಯಾನಿನವರೆಗೆ ಹೊತ್ತುಕೊಂಡು ಹೋಗಿ ಅವಳ ಮಡಿಲಲ್ಲಿಟ್ಟ. ಕತ್ಬರ್ಟ್ ಎಂಜಿನ್ ಶುರು ಮಾಡಿದ ಮೇಲೂ ಐಸಾಕ್ ವ್ಯಾನಿನ ಕಿಟಕಿ ಹಿಡಿದು ನಿಂತಿದ್ದ.

"ಮೆಣಸು ಜಾಸ್ತಿ ಆಯ್ತೇನೋ" ಅಂದ.

"ಇಲ್ಲ, ಎಲ್ಲಾ ಸರಿಯಾಗಿತ್ತು" ಅಂದಳು ಹೆಸ್ಟರ್. ವ್ಯಾನು ಹೋಯಿತು.

ಆಮೇಲೆ ಐಸಾಕ್ ಏಳು ವರ್ಷ ಬದುಕಿದ. ಹೆಸ್ಟರ್ ವರ್ಷಕ್ಕೊಂದು ಸಲ, ಈಸ್ಟರ್ ಸೋಮವಾರ, ಎರಡು ತಾಸು ಬಂದು ಹೋಗುತ್ತಿದ್ದಳು. ಕೋಟು ಹಾಕಿಕೊಂಡೇ ಕೂರುವಳು, ಪೈ ಹೊಗಳುವಳು, ಚರ್ಚಿನ ಹೆಂಗಸರು ಹೇಗಿದ್ದಾರೆಂದು ಕೇಳುವಳು, ಹೊರಡುವಳು. ಮೆಷಿನ್ ಇಲ್ಲದ್ದರಿಂದ ಅವನು ಮಾಂಸವನ್ನು ಚಾಕುವಿನಲ್ಲಿ ಹೆಚ್ಚುತ್ತಿದ್ದ. ಬೆಳಿಗ್ಗೆ ಆರಕ್ಕೆ ಕೂತರೆ ಹತ್ತಕ್ಕೆ ಮುಗಿಯುತ್ತಿತ್ತು. ಅಷ್ಟು ಸಣ್ಣಗೆ ಹೆಚ್ಚುತ್ತಿದ್ದ.

ಮೂರನೆಯ ವರ್ಷವೋ ನಾಲ್ಕನೆಯದೋ, ಅವನು ಆಲೂಗೆಡ್ಡೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಒಂದು ಸಲ ಸುಟ್ಟುಬಿಡೋ ಮಾರಾಯ. ಓವನ್ನಲ್ಲಿಟ್ಟು ಮರೆತುಬಿಡು. ಮಸಿಯಾಗ್ಲಿ. ಮುಂದಿನ ಸೋಮವಾರನೇ ಬರ್ತಾಳೆ, ನೋಡು. ಪ್ರತಿ ಸೋಮವಾರ ಬರ್ತಾಳೆ."

ಅವನು ಗೆರೆ ಎಳೆಯುವುದನ್ನು ನಿಲ್ಲಿಸಿದ. ಆ ಯೋಚನೆ ಅವನಿಗೂ ಬಂದಿತ್ತು ಎಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು. ಬಹುಶಃ ಪ್ರತಿ ವರ್ಷವೂ ಬಂದಿತ್ತು.

"ಅಷ್ಟು ದೂರದಿಂದ ಬರ್ತಾಳೆ" ಅಂದ. "ಅವಳಿಗೆ ಸುಟ್ಟಿದ್ದನ್ನ ಬಡಿಸೋಕಾಗತ್ತಾ ಆಂಬ್ರೋಸ್?"

ಉಳಿದ ಎರಡು ಗೆರೆಗಳನ್ನು ಎಳೆದು, ತಟ್ಟೆಯನ್ನು ಓವನ್ನಿನೊಳಗಿಟ್ಟು, ಸ್ಟೂಲು ಎಳೆದುಕೊಂಡು ಅದರ ಮುಂದೆಯೇ ಗಡಿಯಾರ ನೋಡುತ್ತ ಕೂತ.