ಖಾಲಿ ಕುರ್ಚಿಗೆ ನನ್ನ ಮಗಳೇ ಬೇಕಿತ್ತಾ?

"ಸ್ವೀಟೀ, ನೀನು ಆ ಕುರ್ಚಿಯಲ್ಲಿ ಕೂತ್ಕೊ. ಫೋಟೋಗೆ ಮಾತ್ರ."

ಹೀಗಂದದ್ದು ನನ್ನ ಮಗಳಿಗೆ. ಅಂದವರು ಶಿಕಾಗೋದಲ್ಲಿ ನಡೆದ ಅಂತಾರಾಷ್ಟ್ರೀಯ ಹವಾಮಾನ ಸಮ್ಮೇಳನದ ಆಯೋಜಕಿ. ಕುರ್ಚಿಯ ಮುಂದಿದ್ದ ಫಲಕದಲ್ಲಿ ಬೇರೊಬ್ಬಳ ಹೆಸರಿತ್ತು: ತಸ್ನಿಮಾ, ಬಾಂಗ್ಲಾದೇಶ.

ನನಗೆ ಮೈಯೆಲ್ಲಾ ಉರಿದುಹೋಯ್ತು.

ಮೊದಲಿಂದ ಹೇಳ್ತೀನಿ. ಮಗಳು ಅನಘಾ ಹೈಸ್ಕೂಲಿನ ಕೊನೇ ವರ್ಷದಲ್ಲಿದಾಳೆ. ಈ ಸಮ್ಮೇಳನಕ್ಕೆ ಯುವ ಪ್ರತಿನಿಧಿಯಾಗಿ ಆಯ್ಕೆಯಾಗಿದ್ದಳು. ಹದಿನೆಂಟು ತುಂಬದವರ ಜೊತೆ ಅಪ್ಪನೋ ಅಮ್ಮನೋ ಇರಲೇಬೇಕಂತೆ. ಹಾಗಾಗಿ ಆಫೀಸಿಗೆ ರಜೆ ಹಾಕಿ, ಶಿಕಾಗೋ ಹೊರವಲಯದ ವುಡ್‌ರಿಡ್ಜ್‌ನಿಂದ ಡ್ರೈವ್ ಮಾಡ್ಕೊಂಡು ಹೋದವಳು ನಾನು. (ಡೌನ್‌ಟೌನ್ ಪಾರ್ಕಿಂಗ್ ಬಗ್ಗೆ ಮಾತ್ರ ಕೇಳಬೇಡಿ.)

ತಸ್ನಿಮಾ ಅನಘಾಳ ಜೋಡಿ. ಇಬ್ಬರೂ ಸೇರಿ ಒಂದು ಭಾಷಣ ಮಾಡಬೇಕಿತ್ತು. ತಿಂಗಳುಗಟ್ಟಲೆ ವಿಡಿಯೋ ಕಾಲ್‌ನಲ್ಲಿ ತಯಾರಿ ನಡೆಸಿದ್ರು. ಕಾಡ್ಗಿಚ್ಚಿನ ಹೊಗೆ ನಮ್ಮ ಊರಿನವರೆಗೂ ಬಂದ ಬೇಸಿಗೆಯಲ್ಲಿ ಆಸ್ತಮಾ ಇರೋ ಅನಘಾ ಇನ್‌ಹೇಲರ್ ಹಿಡಿದು ಮನೆಯೊಳಗೇ ಕೂತಿದ್ದಳು. ಅದು ಅವಳ ಭಾಗ. ತಸ್ನಿಮಾಳ ಭಾಗ ಇನ್ನೂ ದೊಡ್ಡದು. ಅವಳ ಹಳ್ಳಿಯ ಕೆರೆಗೆ ಸಮುದ್ರವೇ ನುಗ್ಗಿತ್ತು.

ಆದರೆ ಅವಳು ಬರಲಿಲ್ಲ. ವೀಸಾ ಇಂಟರ್‌ವ್ಯೂಗೆ ಸಿಕ್ಕಿದ್ದೇ ಸಮ್ಮೇಳನ ಮುಗಿದ ಮೇಲಿನ ಡೇಟ್! ಊರಿಗೆ ಹೋದರೆ ವಾಪಸ್ ಬರೋಕೆ ಬೇಕಾದ ವೀಸಾ ಸ್ಟಾಂಪಿಂಗ್‌ಗೆ ಡೇಟ್ ಸಿಗದೆ ತಮ್ಮನ ಮದುವೆ, ಅಜ್ಜಿಯ ವೈಕುಂಠ ಸಮಾರಾಧನೆ ಎಲ್ಲಾ ಫೋನಿನಲ್ಲೇ ನೋಡಿದವಳು ನಾನು. ನನಗೆ ಬಿಡಿಸಿ ಹೇಳ್ಬೇಕಾ?

ಬರಲಾಗದವಳ ಕುರ್ಚಿ ಖಾಲಿ ಇದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ವಂತೆ.

"ಹೇಗೂ ನೀನೂ ಆ ಕಡೆಯವಳೇ ಅಲ್ವಾ?" ಅಂದರು ಆಯೋಜಕಿ, ನಗುನಗುತ್ತಾ.

"ಐ ವಾಸ್ ಬಾರ್ನ್ ಇನ್ ನೇಪರ್‌ವಿಲ್," ಅಂದಳು ಅನಘಾ. ನೇಪರ್‌ವಿಲ್ ಅಂದ್ರೆ ಇಲ್ಲೇ ನಮ್ಮ ಪಕ್ಕದೂರು.

ನಾನು ಜಗಳಕ್ಕೆ ಎದ್ದೇಬಿಟ್ಟಿದ್ದೆ. "ಅಮ್ಮಾ, ಐ ಗಾಟ್ ಇಟ್," ಅಂತ ನನ್ನ ಕೈ ಒತ್ತಿ ಕೂರಿಸಿದಳು. ಫೋಟೋಗೆ ಹೋಗಲೇ ಇಲ್ಲ. ಆ ಕುರ್ಚಿಗೆ ಯಾರೋ ವಾಲಂಟಿಯರ್‌ನ ಕೂರಿಸಿದರು. ಎಲ್ಲರೂ ಹಲ್ಲು ಕಿರಿದರು. ಮುಗೀತು.

ಆಮೇಲೆ ಅನಘಾಳ ಸರದಿ ಬಂತು. ಅವಳು ತನ್ನ ಭಾಗ ಓದಲಿಲ್ಲ. ತಸ್ನಿಮಾಗೆ ಕಾಲ್ ಮಾಡಿ ಫೋನನ್ನು ಮೈಕಿಗೆ ಹಿಡಿದಳು. ಅಲ್ಲಿ ಆಗ ರಾತ್ರಿ. ಹುಡುಗಿ ಎದ್ದೇ ಇದ್ದಳು.

"ನಾವು ಕುಡೀತಿದ್ದ ಕೆರೆ ಈಗ ಉಪ್ಪು," ಅಂತ ಶುರು ಮಾಡಿದಳು, ತಡವರಿಸೋ ಇಂಗ್ಲಿಷಿನಲ್ಲಿ. "ಅಮ್ಮ ದೋಣಿಯಲ್ಲಿ ಹೋಗಿ ನೀರು ತರ್ತಾಳೆ. ಅವಳು ವಾಪಸ್ ಬರೋವರೆಗೂ ನನಗೆ ಓದೋಕೆ..."

ಮೈಕ್ ಆಫ್!

ಟೆಕ್ನಿಕಲ್ ಪ್ರಾಬ್ಲಮ್ ಅಂದರು. (ಅದಾದ ತಕ್ಷಣ ಪ್ರಾಯೋಜಕರು ಮಾತಾಡಿದಾಗ ಅದೇ ಮೈಕ್ ಗಂಟೆ ಹೊಡೆದ ಹಾಗೆ ಕೇಳಿಸ್ತು.)

ಅನಘಾ ಇಳಿಯಲಿಲ್ಲ. ಫೋನ್ ಕಿವಿಗಿಟ್ಟುಕೊಂಡು, ತಸ್ನಿಮಾ ಹೇಳಿದ ಒಂದೊಂದು ವಾಕ್ಯವನ್ನೂ ಗಂಟಲು ಹರಿಯುವಂತೆ ಕೂಗಿ ಹೇಳಿದಳು. ನಡುವೆ ಕೆಮ್ಮು ಬಂತು. ಇನ್‌ಹೇಲರ್ ಎಳೆದುಕೊಂಡು ಮತ್ತೆ ಕೂಗಿದಳು. ಹಿಂದಿನ ಸಾಲಿನ ಕೆಲವರು ಎದ್ದು ವೇದಿಕೆಯ ಹತ್ತಿರ ಬಂದು ನಿಂತರು. ಕೊನೇ ವಾಕ್ಯದವರೆಗೂ ನಿಂತರು.

ಮುಂದಿನ ಭಾನುವಾರ ಪ್ಲೇನ್‌ಫೀಲ್ಡ್‌ನ ಗೆಳತಿಯ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರೋ ಪಾಟ್‌ಲಕ್. ದೂರದ ಆಬರ್ನ್ ಹಿಲ್ಸ್‌ನಿಂದ ಬಂದಿದ್ದ, ಕಾರ್ ಕಂಪನಿಯ ಇಂಜಿನಿಯರ್ ಅಂಕಲ್ ಒಬ್ಬರು ಇದನ್ನೆಲ್ಲಾ ಕೇಳಿ, "ಅಲ್ಲಮ್ಮಾ, ಒಂದು ಫೋಟೋಗೆ ಕೂತಿದ್ರೆ ಏನ್ ಹೋಗ್ತಿತ್ತು? ಕಾಲೇಜ್ ಅಪ್ಲಿಕೇಶನ್‌ಗೆ ಎಷ್ಟ್ ಚೆನ್ನಾಗಿರ್ತಿತ್ತು!" ಅಂದರು.

"ಅಂಕಲ್, ಇಟ್ ವಾಸ್ ಹರ್ ಚೇರ್," ಅಂದಳು ಅನಘಾ.

ಅಂಕಲ್ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸಿಕೊಂಡರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳ ವಿಷಯದಲ್ಲಿ ನಾವೆಲ್ಲಾ ಹೀಗೇ ಲೆಕ್ಕ ಹಾಕೋದು. ಸಿಟ್ಟಿರೋದು ಆ ದೊಡ್ಡ ಹಾಲ್ ಬುಕ್ ಮಾಡಿದವರ ಮೇಲೆ. 'ಎಲ್ಲರ ದನಿ' ಅಂತ ಗೋಡೆಯುದ್ದ ಬ್ಯಾನರ್ ಕಟ್ಟಿದ್ರಲ್ಲ, ಒಂದು ಹುಡುಗಿಯ ದನಿ ನಾಲ್ಕು ಮಾತು ದಾಟುವ ಮೊದಲೇ ಅವರಿಗೆ ಹೆಚ್ಚಾಗಿಬಿಡ್ತಾ?

ಸ್ವಾಮಿ, ಸಮುದ್ರ ನುಗ್ಗಿದ ಊರಿನವರನ್ನೇ ಹೊರಗಿಟ್ಟು, ಒಳಗೆ ಕೂತು ನೀವು ಉಳಿಸ್ತಿರೋದು ಯಾರನ್ನ?